ಮುಂಬೈಗೆ ಹೋದ ಹಾಯಿದೋಣಿ

"ಹಲೋ... ಹಾಂ, ಇಳಕಲ್ಲರಿ. ಯಾರ್ರಿ ಮಾತಾಡೋರು?... ಮುಂಬೈಯಿಂದೇನ್ರಿ?... ಅಕ್ಬರಣ್ಣಾ? ನಾನ್ರಿ, ಸಂಗವ್ವ."

ಬಾಜು ಸೀರೆ ಅಂಗಡಿಯವರು ಫೋನು ಬಂದಿದೆ ಎಂದು ಕರೆದಾಗ ಸಂಗವ್ವ ಹೊತ್ತಿಸದ ಒಲೆಯ ಮುಂದೆ ಕೂತಿದ್ದಳು. 1983ರ ಚಳಿಗಾಲ. ಗಂಡ ಅಂದಪ್ಪನ ಮಣ್ಣು ಮೊನ್ನೆಯಷ್ಟೇ ಆಗಿತ್ತು. ಮುಂಬೈಗೆ ಹೋದ ಗಂಡನ ಗೆಳೆಯ ಅಕ್ಬರಸಾಬ ಎಲ್ಲಿ ಇಳಿದುಕೊಂಡಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ, ಅವನಿಗೆ ಸುದ್ದಿ ಮುಟ್ಟಿರಲಿಲ್ಲ.

ನೌಕಾದಳದ ಕೆಲಸ ಮುಗಿಸಿ ಪಕ್ಕದ ಹುನಗುಂದಕ್ಕೆ ಮರಳಿದ್ದ ಅಕ್ಬರಸಾಬ ಒಂದು ದಿನ ಅಂದಪ್ಪನ ಬಡಿಗತನದ ಶೆಡ್ಡಿಗೆ ಬಂದು, ಪಂದ್ಯಕ್ಕೆ ಓಡುವ ಪುಟ್ಟ ಹಾಯಿದೋಣಿಯೊಂದನ್ನು ನೆಲದ ತುಂಬ ಸೀಮೆಸುಣ್ಣದಲ್ಲಿ ಬರೆದಿದ್ದ. ಅಲ್ಲಿಂದ ಇಬ್ಬರಿಗೂ ಬೇರೆ ಮಾತೇ ಇರಲಿಲ್ಲ. ಇಬ್ಬರೂ ಕೂಡಿ ಕಟ್ಟಿದ ಆ ದೋಣಿ ಈಗ ಲಾರಿ ಹತ್ತಿ, ಅಕ್ಬರಸಾಬನ ಜೊತೆ ಮುಂಬೈಯ ಪಂದ್ಯಕ್ಕೆ ಹೋಗಿತ್ತು.

"ಅಣ್ಣಾ, ಒಂದು ಮಾತು ಹೇಳೂದಿತ್ತು... ಏನಂದ್ರಿ?... ಇವತ್ತಿನ ಓಟದಾಗ ಮೊದಲನೇದು ಬಂತೇನ್ರಿ? ನಮ್ಮ ದೋಣೀನ?"

ಅಕ್ಬರಸಾಬ ಹಾಗೆ ನಕ್ಕದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಈಗ ಹೇಳಿಬಿಟ್ಟರೆ ಈ ಸುದ್ದಿ ಅರ್ಧಕ್ಕೇ ನಿಂತುಹೋಗುತ್ತದೆ. ಇನ್ನಾರೂ ಅದನ್ನು ಅವಳಿಗೆ ಹೇಳುವುದಿಲ್ಲ. ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು.

"ಹೇಳ್ರಿ, ಎಲ್ಲಾ ಹೇಳ್ರಿ... ಹಾಂ... ಗಾಳಿ ಜೋರಿತ್ತೇನ್ರಿ?... ಹಾಯಿಕಂಬ ತಡೀತಾ?... ನೀರು ಒಳಗ ಬರಲಿಲ್ಲಲ್ಲ?... ಒಂದು ಹನೀನೂ ಇಲ್ಲ?"

ನೀರಿನ ಮಾತು ಅವಳದಲ್ಲ, ಅಂದಪ್ಪನದು. ಲಾರಿ ಹೋದಾಗಿನಿಂದ ಊಟಕ್ಕೆ ಕೂತಾಗೆಲ್ಲ ಅವನು ಅದನ್ನೇ ಕೇಳುತ್ತಿದ್ದ. ದೋಣಿ ಹಗುರಾಗಬೇಕು, ಪಕ್ಕೆಲುಬಿನಂತೆ ಬಾಗಿದ ಒಳಗಿನ ಪಟ್ಟಿ ಇನ್ನೂ ತೆಳ್ಳಗಾಗಲಿ ಎಂದು ಅಕ್ಬರಸಾಬನ ಹಟ; ಬಗ್ಗಿಸುವಾಗ ಸೀಳುತ್ತದೆ ಎಂದು ಅಂದಪ್ಪನ ಹಟ. ಅವಳ ಜಳಕದ ಹಂಡೆಯಲ್ಲೇ ಕಟ್ಟಿಗೆ ಬೇಯಿಸಿ ಬಗ್ಗಿಸಿದರು. ಎಷ್ಟೋ ಸೀಳಿದವು. ಕೆಲವು ದಿನ ಮಾತೂ ಬಿಟ್ಟಿದ್ದರು.

"ನೆನಪೈತ್ರಿ... ಶಿವಯೋಗ ಮಂದಿರದ ಹೊಳ್ಯಾಗ ಮೊದಲನೇ ಸಲ ಬಿಟ್ಟಾಗ ಮಗುಚಿ ಬಿತ್ತಲ್ಲ... ಇಬ್ರೂ ತೊಯ್ಸಿಕೊಂಡು, ನಕ್ಕೋತ ಬಂದಿದ್ರಿ..."

...

"ಯಾರನ್ನ?... ಅವರನ್ನೇನ್ರಿ?... ಕರಿಯಾಕ ಆಗೂದಿಲ್ರಿ... ಶೆಡ್ಡಿನ್ಯಾಗ ಇಲ್ರಿ... ಊರಿಗೂ ಹೋಗಿಲ್ರಿ."

ಅಂಗಡಿಯವರು ತಲೆ ತಗ್ಗಿಸಿ ಹೊರಗೆ ನಡೆದರು.

"ಅಣ್ಣಾ, ಅವರು ತೀರಿಕೊಂಡ್ರು... ಹಾಂ. ಖರೇನ್ರಿ... ಸೋಮವಾರ ಮುಂಜಾನಿ. ಉಜ್ಜುಗೊರಡು ಕೈಯಾಗಿತ್ತು. ಎದಿ ಹಿಡಕೊಂಡು ಕುಂತ್ರು. ದವಾಖಾನಿ ಮುಟ್ಟೂದರೊಳಗ ಮುಗದಿತ್ತು."

ಆ ಕಡೆ ಗಂಡಸೊಬ್ಬ ಅಳುವುದು ಕೇಳಿಸಿತು. ಮೂರು ದಿನದಿಂದ ಬಾರದ ಅಳು ಅವಳಿಗೂ ಆಗ ಬಂತು.

"ನಕ್ಕೆ ಅಂತ ಯಾಕ ಸಂಕಟ ಮಾಡಿಕೋತೀರಿ?... ನಾನ ಹೇಳ್ರಿ ಅಂದೆ. ಅವರ ಬದ್ಲಿ ನಾ ಕೇಳಬೇಕಿತ್ತು..."

...

"ಮಣ್ಣಿಗೆ ಬಂದವರು ಏನಂದ್ರು ಗೊತ್ತೇನ್ರಿ? ನೀರಿಲ್ಲದ ಊರಾಗ ದೋಣಿ ಕಟ್ಟಿ ಕೆಟ್ಟ ಅಂದ್ರು."

...

"ಬರ್ರಿ. ಇನ್ನುಳಿದ ದಿನದ ಪಂದ್ಯ ಮುಗಿಸಿ ಬರ್ತೀರೋ, ಬಿಟ್ಟು ಬರ್ತೀರೋ, ನನಗ ಅದು ತಿಳಿಯೂದಿಲ್ಲ. ಬಂದು, ಅವರನ್ನ ಮಣ್ಣಾಗ ಇಟ್ಟಲ್ಲಿ ಕುಂತು ಎಲ್ಲಾ ಹೇಳ್ರಿ. ನಾ ಹೇಳಿದ್ರ ತಪ್ಪತೈತಿ. ನನಗ ದೋಣಿ ಮಾತು ಬರೂದಿಲ್ರಿ, ಅಣ್ಣಾ."

...

"ಹಾಂ?... ಎಕ್ಸ್‌ಚೇಂಜಿನವ್ರು ಮೂರು ನಿಮಿಷ ಆತಂದ್ರೇನ್ರಿ?... ತಡೀರಿ, ಇಡಬ್ಯಾಡ್ರಿ. ಕಡೀಕ, ಎಲ್ಲಾ ದೋಣಿ ಹಿಂದ ಬಿದ್ದಾಗ, ನಮ್ಮದೊಂದ ಮುಂದ ಹ್ಯಾಂಗ ಬಂತು? ಅದೊಂದು ಇನ್ನೊಮ್ಮೆ ಹೇಳ್ರಿ... ಹಲೋ... ಅಣ್ಣಾ?... ಹಲೋ..."