ಹಿಂದೆ ಪೈಪ್ ಬಿಡುವವನು

ಕುಣಿಗಲ್ ಅಂಚೆ ಕಚೇರಿಯಲ್ಲಿ ನಾನು ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ಪಕ್ಕದಲ್ಲಿ ಯಾರೋ ಅಕ್ಕ, ತಮ್ಮ ಮಾತಾಡುತ್ತಿದ್ದರು. ತಮ್ಮನ ಕೈಯಲ್ಲಿ ವಿಳಾಸ ಬರೆದ, ಮಾಸಿದ ಇನ್‌ಲ್ಯಾಂಡ್ ಕಾಗದವಿತ್ತು.

“ಫೋನ್ ಮಾಡೋಕೇನ್ಲಾ ಗಂಗರಾಜು?”

“ಮಲ್ಲಿಕಾರ್ಜುನ್ ನನ್ ನಂಬರ್ ಬ್ಲಾಕ್ ಮಾಡವ್ನೆ ಕಣಕ್ಕ. ಗುಬ್ಬಿ ಅಡ್ರೆಸ್ ಒಂದೇ ಇರೋದು.”

“ಜೋರಾಗಿ ನೀರು ಚಿಮ್ಮೋ ಹೊಸ ಪ್ರೆಷರ್ ವಾಷರ್ ತಗಂಡಿದೀಯಲ್ಲ, ಕೆಲ್ಸಕ್ಕೆ ಜೊತೆಗಾರ ಯಾಕೆ? ಮನೆಗಳ್ನ ಒಬ್ನೇ ತೊಳಿ.”

“ಅದ್ರ ಗನ್ ಹಿಡ್ಕೊಂಡು ‘ಬುಡ್ಲಾ ಪೈಪು’ ಅಂತ ಈಗ್ಲೂ ತಿರುಗಿ ನೋಡ್ತೀನಿ. ಹಿಂದೆ ಅವ್ನಿರಲ್ಲ.”

“ಮೇಷ್ಟ್ರ ಮನೆ ಮಾರ್ಬಲ್‌ಗೆ ಆಸಿಡ್ ಸುರಿದು ಹಾಳ್ಮಾಡಿದ್ದು ಅವ್ನೇ ತಾನೆ?”

“ಅಲ್ಲಕ್ಕ, ನಾನು. ಸೋಪ್ ನೀರು ಸಾಕು ಅಂದಿದ್ದ ಅವ್ನು. ಎಲ್ರೂ ಅವ್ನನ್ನ ಬಯ್ದಾಗ ಸುಮ್ನಿದ್ದೆ.”

“ಅದ್ನ ಬರ್ದಿದೀಯಾ?”

“ಬರ್ದು ಎರಡ್ ವರ್ಷ ಆಯ್ತು.”

“ಇನ್ನೂ ಯಾಕ್ಲಾ ಕೋಳಿ ಹಂಗೆ ಅದ್ರ ಮೇಲೆ ಕಾವ್ ಕೂತಿದೀಯಾ? ಹಾಕು.”

ಅವನು ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಿದ. ಬಿದ್ದಿತೇ ಎಂದು ಬಾಗಿ ನೋಡಿದ. ಆಮೇಲೆ ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು.