ಜರ್ಮನ್ ಕಾರಿನಡಿಯ ನಿಂಬೆಹಣ್ಣು

ಗಂಡನ ಮಾಸಿಕ ಶ್ರಾದ್ಧ ಮುಗಿಸಿ, ಮುಂಬಯಿಯ ವಡಾಲ ಸ್ಟೇಷನ್ನಿನ ಬೆಂಚಿನಲ್ಲಿ ಜಪ ಮಾಡುತ್ತಿದ್ದ ಶೀಲಾವತಿಯಮ್ಮನವರ ಕಿವಿ ಪಕ್ಕದ ಉಡುಪಿ ದಂಪತಿಯ ಮಾತಿಗೆ ಹೊರಳಿತು.

“ಐವತ್ತು ವರ್ಷದ ಜರ್ಮನ್ ಸ್ಪೋರ್ಟ್ಸ್ ಕಾರು, ಹರಿಣಿ! ಓಡಿಸಿದ್ರೆ ಬೆಲೆ ಬೀಳ್ತದೆ. ಅದು ನೋಡ್ಲಿಕ್ಕೆ ಇರುವುದು.”

“ಮತ್ತೆ ಪೂಜೆ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟದ್ದು ಯಾಕೆ?”

“ಶಾಸ್ತ್ರಕ್ಕೆ.”

“ಚಕ್ರ ಅದನ್ನು ಜಜ್ಜದೆ ಪೂಜೆ ಮುಗಿಯುವುದಿಲ್ಲ. ತಂಗಿಯ ಗೃಹಪ್ರವೇಶಕ್ಕೆ ಕಾರಲ್ಲೇ ಹೋಗುವ.”

“ಲೋಕಲ್ ಟ್ರೈನ್ ಉಂಟಲ್ಲ ಮಾರಾಯ್ತಿ! ನಿಂಬೆಹಣ್ಣು ಅಲ್ಲೇ ಇರ್ಲಿ.”

“ಅಲ್ಲಿ ಎಲ್ಲಿದೆ? ನಿನ್ನೆ ನೀವು ಶರಬತ್ತು ಕುಡಿದ್ರಲ್ಲ.”

ಶೀಲಾವತಿಯಮ್ಮನವರ ಬೆರಳಲ್ಲಿ ಜಪಮಣಿ ನಿಂತೇಬಿಟ್ಟಿತು.

“ದೇವರೇ! ಇನ್ನು ಹೊಸ ಪೂಜೆ ಆಗ್ಬೇಕಾ?” ಎಂದ ಹರಿಣಿಯ ಗಂಡ.

ಲೋಕಲ್ ಬಂತು.

“ಹೌದು. ಈ ಸಲ ಕಾರು ಹೊರಡುವವರೆಗೆ ನಾನು ಅದರ ಒಳಗಿಂದ ಇಳಿಯುವುದಿಲ್ಲ,” ಎನ್ನುತ್ತ ಹರಿಣಿ ಗಂಡನನ್ನು ಬಿಟ್ಟು ಲೇಡೀಸ್ ಡಬ್ಬಿ ಹತ್ತಿದಳು.