ಸೂಲಗಿತ್ತಿಯ ಅವರೆಕಾಳು

ಯಲಹಂಕದ ಅರಳಿಕಟ್ಟೆಯ ಮೇಲೆ ಗಂಗರತ್ನಮ್ಮ ಯಶವಂತಪುರದ ಬಸ್ಸಿಗೆ ಕಾಯುತ್ತಾ ಕೂತಿದ್ದಳು. ಪಕ್ಕದಲ್ಲೇ ಅಟ್ಟೂರಿನ ಸೂಲಗಿತ್ತಿ ಮುನಿವೆಂಕಟಮ್ಮ, ತೊಡೆಯ ಮೇಲೆ ಸರ್ಕಾರದವರು ಕೊಟ್ಟ ಹೆರಿಗೆ ಪೆಟ್ಟಿಗೆ. ಅದನ್ನು ವಾಪಸು ಕೇಳಲು ಬಂದು ನಿಂತವಳು ನರ್ಸ್ ಕೃಷ್ಣವೇಣಿ. ಪಕ್ಕದಲ್ಲಿ ಕೂತ ಮೇಲೆ ಅವರ ಮಾತು ಗಂಗರತ್ನಮ್ಮನ ಕಿವಿಗೆ ಬೀಳದೆ ಇರುತ್ತದೆಯೇ?

“ನಿಮ್ಮ ಮೇಲೆ ದೂರು ಬಂದಿದೆ. ಹೆರಿಗೆಗೆ ಹೋದ ಮನೇಲಿ ಮೊದಲು ಅವರೆಕಾಳು ಕೇಳ್ತೀರಂತೆ. ಬಸುರಿ ನೋವು ತಿನ್ನೋವಾಗ ನಿಮಗೆ ಸಾರಿನ ಚಿಂತೆಯೇ?”

“ಸಾರಿಗಲ್ಲ ನರ್ಸಮ್ಮ. ಒಕ್ಕಳಬಳ್ಳಿ ಕುಯ್ಯೋ ಕತ್ತರಿ ಇಪ್ಪತ್ತು ನಿಮಿಷ ಕುದೀಬೇಕು ಅಂದೋರು ನೀವೇ ಅಲ್ವಾ?”

“ಹೌದು. ಇಲ್ಲಾಂದ್ರೆ ಮಗೂಗೆ ಧನುರ್ವಾಯು.”

“ನಮ್ಮೂರಲ್ಲಿ ಇಸ್ಕೂಲ್ ಮೇಷ್ಟ್ರನ್ನ ಬಿಟ್ರೆ ಯಾರ ಮನೇಲಿ ಗಡಿಯಾರ ಐತೆ? ಒಂದು ಒಲೆ ಮೇಲೆ ಕತ್ತರಿ ಇಡ್ತೀನಿ, ನೀರು ಕುದಿ ಬಂದ್ಮೇಲೆ ಪಕ್ಕದ ಒಲೇಲಿ ಕಾಳು ಆಕ್ತೀನಿ. ಕಾಳು ಬೆಂದ್ರೆ ಕತ್ತರೀನೂ ಆದಂಗೆ.”

“ಅಂದಾಜಿನ ಮೇಲೆ ಮಗು ಪ್ರಾಣ ಪಣಕ್ಕಿಡ್ತೀರಾ?”

“ಅಂದಾಜಲ್ಲ ಕಣವ್ವ! ಮೇಷ್ಟ್ರ ಗಡಿಯಾರ ಮುಂದಿಟ್ಕಂಡು ಹೊಸ ಕಾಳು, ಹಳೇ ಕಾಳು ಎಲ್ಡೂ ಬೇಯಿಸಿ ನೋಡಿವ್ನಿ. ಇಪ್ಪತ್ತು ನಿಮಿಷಕ್ಕೆ ಮುಂಚೆ ಒಂದೂ ಬೆಂದಿಲ್ಲ. ಈ ವರ್ಸ ಹದಿನಾರು ಕೂಸು ಇಳಿಸಿವ್ನಿ, ಹದಿನಾರೂ ಆಡ್ಕಂಡವೆ.”

ಪೆಟ್ಟಿಗೆಗೆ ಚಾಚಿದ್ದ ಕೈಯನ್ನು ಕೃಷ್ಣವೇಣಿ ಹಿಂದಕ್ಕೆ ತೆಗೆದುಕೊಂಡಳು.

“ಈಗ ಹೆಬ್ಬಾಳದಲ್ಲಿ ಹನ್ನೆರಡು ಜನ ಸೂಲಗಿತ್ತಿಯರಿಗೆ ಪಾಠ ಇದೆ. ಬನ್ನಿ, ಇದನ್ನ ನೀವೇ ಹೇಳ್ಕೊಡಿ.”

“ಅಕ್ಸರ ಬಾರದೋಳು ಪಾಠ ಏಳೋದಾ?”

“ನೀವು ಹೇಳಿ. ನಾನು ಬರ್ಕೊಂಡು ದೊಡ್ಡಾಸ್ಪತ್ರೆಗೆ ಕಳಿಸ್ತೀನಿ.”

ಹೆಬ್ಬಾಳದ ಬಸ್ಸು ಬಂತು. ಮುನಿವೆಂಕಟಮ್ಮ ಸೆರಗು ಬಿಗಿದು ನರ್ಸಮ್ಮನಿಗಿಂತ ಮುಂಚೆ ಹತ್ತಿದಳು. ಬಾಗಿಲಲ್ಲಿ ನಿಂತವರಿಗೆ ಅವಳು ಗತ್ತಿನಿಂದ ಹೇಳುತ್ತಿದ್ದುದು ಬಸ್ಸು ಹೊರಟ ಮೇಲೂ ಗಂಗರತ್ನಮ್ಮನಿಗೆ ಕೇಳುತ್ತಿತ್ತು:

“ದಾರಿ ಬಿಡ್ರಪ್ಪೋ, ಪಾಠ ಏಳಕ್ಕೆ ಓಗ್ಬೇಕು!”